ಪೂರ್ತಿ ದುಡ್ಡು ಕೈಗೆ ಬರುತ್ತಿದೆ, ಟ್ಯಾಕ್ಸ್ ಕಟ್ ಆಗುತ್ತಿಲ್ಲ. ಏನು ಮಾಡಬೇಕು?

ಗುಬ್ಬಚ್ಚಿ_ಎನ್‌ಸಿ · ಮೇ 24, 2025

ಎಲ್ಲರಿಗೂ ನಮಸ್ಕಾರ. ನಾವಿರುವುದು ನಾರ್ತ್ ಕೆರೊಲಿನಾದಲ್ಲಿ. ಎಂಟು ವರ್ಷ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಮನೆಯಲ್ಲೇ ಇದ್ದೆ. ಈ ಫೆಬ್ರವರಿಯಲ್ಲಿ ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಬಂತು. ಮಾರ್ಚ್‌ನಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಕಾಂಟ್ರಾಕ್ಟ್ ಕೆಲಸ, ತಿಂಗಳಿಗೆ 5,000 ಡಾಲರ್.

ಸೇರುವಾಗ ಡಬ್ಲ್ಯು-9 ಅನ್ನುವ ಒಂದು ಪುಟದ ಫಾರಂಗೆ ಸಹಿ ಹಾಕಿಸಿಕೊಂಡರು. ಮೊದಲ ತಿಂಗಳು ಬ್ಯಾಂಕಿನಲ್ಲಿ ನೋಡಿದರೆ ಸರಿಯಾಗಿ 5,000. ಒಂದು ಸೆಂಟೂ ಕಮ್ಮಿ ಇಲ್ಲ. ತುಂಬಾ ಖುಷಿಯಾಯಿತು. ಮೊನ್ನೆ ಯಾಕೋ ಯಜಮಾನರ ಪೇ ಸ್ಟಬ್ ತೆಗೆದು ನೋಡಿದೆ. ಫೆಡರಲ್, ಸ್ಟೇಟ್, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ ಸಾಲಾಗಿ ಕಟ್ ಆಗಿದೆ. ನನಗೆ ಸ್ಟಬ್ಬೇ ಇಲ್ಲ. ಆಗ ಎದೆ ಧಸಕ್ ಅಂತು. ಹಾಗಾದರೆ ಇದನ್ನೆಲ್ಲ ನಾನೇ ಕಟ್ಟಬೇಕಾ? ಯಾವಾಗ, ಎಷ್ಟು, ಎಲ್ಲಿ? ಏಪ್ರಿಲ್ 15 ಆಗಲೇ ಹೋಗಿದೆ. ಬಂದ ದುಡ್ಡಿನಲ್ಲಿ ಸ್ವಲ್ಪ ಖರ್ಚೂ ಆಗಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಖಾತೆ_ಕಿರ್ದಿ · ಮೇ 24, 2025

ಮೊದಲು ಗಾಬರಿ ಬಿಡಿ. ಮೇ ತಿಂಗಳಲ್ಲೇ ಕೇಳಿದಿರಿ, ಒಳ್ಳೆಯದಾಯಿತು. ಜಾಸ್ತಿ ಜನ ಕೇಳುವುದು ಮುಂದಿನ ಏಪ್ರಿಲ್‌ನಲ್ಲಿ. ನಾನು ಒಂಬತ್ತು ವರ್ಷದಿಂದ ಸ್ವಂತವಾಗಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ. ನನಗೂ ಯಾರೂ ಟ್ಯಾಕ್ಸ್ ಹಿಡಿಯುವುದಿಲ್ಲ.

ಡಬ್ಲ್ಯು-4ಗೆ ಸಹಿ ಹಾಕಿದವರು ನೌಕರರು. ಡಬ್ಲ್ಯು-9ಗೆ ಸಹಿ ಹಾಕಿದವರನ್ನು ಐಆರ್‌ಎಸ್ (ಫೆಡರಲ್ ಟ್ಯಾಕ್ಸ್ ಇಲಾಖೆ) ಸ್ವಂತ ವ್ಯವಹಾರ ಮಾಡುವವರು ಅಂತ ನೋಡುತ್ತದೆ. ಜನವರಿ ಕೊನೆಯ ಹೊತ್ತಿಗೆ ನಿಮಗೆ ಕಾಂಟ್ರಾಕ್ಟ್ ಸಂಪಾದನೆ ತೋರಿಸುವ 1099-ಎನ್‌ಇಸಿ ಫಾರಂ ಬರುತ್ತದೆ. ಅದರ ಒಂದು ಪ್ರತಿ ಐಆರ್‌ಎಸ್‌ಗೂ ಹೋಗುತ್ತದೆ.

ಈಗ ಲೆಕ್ಕ. ಯಜಮಾನರ ಸ್ಟಬ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪೆನ್ಷನ್), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಎರಡೂ ಸೇರಿ 7.65 ಪರ್ಸೆಂಟ್ ಕಟ್ ಆಗಿರುತ್ತದೆ. ಅಷ್ಟೇ ಮೊತ್ತವನ್ನು ಕಂಪನಿ ತನ್ನ ಕೈಯಿಂದಲೂ ಕಟ್ಟುತ್ತದೆ, ಅದು ಸ್ಟಬ್‌ನಲ್ಲಿ ಕಾಣುವುದಿಲ್ಲ. ನಿಮಗೆ ಕಂಪನಿಯೂ ನೀವೇ, ನೌಕರರೂ ನೀವೇ. ಹಾಗಾಗಿ 15.3 ಪರ್ಸೆಂಟ್ ಪೂರ್ತಿ ನಿಮ್ಮ ಮೇಲೆ. ಇದಕ್ಕೆ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಅನ್ನುತ್ತಾರೆ. ಇನ್‌ಕಮ್ ಟ್ಯಾಕ್ಸ್ ಬೇರೆ. ಯಾರೂ ಹಿಡಿಯದ ಕಾರಣ ಇವನ್ನು ವರ್ಷಕ್ಕೆ ನಾಲ್ಕು ಕಂತಿನಲ್ಲಿ ನಾವೇ ಕಟ್ಟಬೇಕು, ಮೊದಲನೆಯದು ಏಪ್ರಿಲ್ 15ಕ್ಕೆ.

ಹತ್ತು ತಿಂಗಳಿಗೆ 50,000 ಬರುತ್ತದೆ, ಅದರಲ್ಲಿ ಕೆಲಸದ ಖರ್ಚು 2,000 ಅಂತ ಇಟ್ಟುಕೊಳ್ಳೋಣ. ಉಳಿದದ್ದು 48,000. ಅದರ 92.35 ಪರ್ಸೆಂಟ್ ಮೇಲೆ 15.3 ಹಾಕಿದರೆ 6,782 ಡಾಲರ್. ಇದರ ಅರ್ಧವನ್ನು ಇನ್‌ಕಮ್ ಟ್ಯಾಕ್ಸ್ ಲೆಕ್ಕ ಮಾಡುವಾಗ ಆದಾಯದಿಂದ ಕಳೆಯಬಹುದು. ಮೇಲೆ ಸ್ವಂತ ವ್ಯವಹಾರದ ಆದಾಯಕ್ಕೆ ಕ್ಯುಬಿಐ ಅಂತ 20 ಪರ್ಸೆಂಟ್ ವಿನಾಯಿತಿ ಇದೆ. ಯಜಮಾನರ ಸಂಬಳದಿಂದ ನೀವಿಬ್ಬರೂ 22 ಪರ್ಸೆಂಟ್ ಹಂತದಲ್ಲಿದ್ದರೆ ಇನ್‌ಕಮ್ ಟ್ಯಾಕ್ಸ್ ಸುಮಾರು 7,850. ನಾರ್ತ್ ಕೆರೊಲಿನಾದ 2025ರ ದರ 4.25, ಅದೊಂದು 1,900. ಎಲ್ಲ ಸೇರಿ 16,500ರ ಹತ್ತಿರ.

ಅಂದರೆ ನಿಮ್ಮ ತಿಂಗಳ ಸಂಪಾದನೆ 3,300. ಉಳಿದ 1,700 ಸರ್ಕಾರದ್ದು, ಸ್ವಲ್ಪ ದಿನ ನಿಮ್ಮ ಹತ್ತಿರ ಇರುತ್ತದೆ ಅಷ್ಟೇ.

ನಾನು ಮಾಡುವುದು ಇಷ್ಟು. ದುಡ್ಡು ಜಮಾ ಆದ ಮೆಸೇಜ್ ಫೋನಿಗೆ ಬಂದ ಕೂಡಲೇ ಕೂತಲ್ಲೇ ಆ್ಯಪ್ ತೆಗೆದು ಮೂರನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಗೆ ಡೆಬಿಟ್ ಕಾರ್ಡ್ ಇಲ್ಲ, ಚೆಕ್ ಪುಸ್ತಕ ಇಲ್ಲ. ಆ್ಯಪ್‌ನಲ್ಲಿ ಅದಕ್ಕೆ "ನಮ್ಮದಲ್ಲ" ಅಂತ ಹೆಸರಿಟ್ಟಿದ್ದೇನೆ. ಸಂಜೆಗೆ ಹಾಕೋಣ ಅಂದರೆ ಸಂಜೆಯ ಹೊತ್ತಿಗೆ ಅದಕ್ಕೊಂದು ಖರ್ಚು ಹುಟ್ಟಿರುತ್ತದೆ.

ನೇರಮಾತು · ಮೇ 25, 2025

ಅಕ್ಕ ಹೇಳಿದ್ದು ಸರಿ, ಆದರೆ ಇಷ್ಟೆಲ್ಲ ಪರದಾಟ ಬೇಡ. ಯಜಮಾನರು ಡಬ್ಲ್ಯು-2 (ಸಂಬಳದ) ನೌಕರರು ಅಲ್ವಾ? ಅವರ ಡಬ್ಲ್ಯು-4ರಲ್ಲಿ 4(ಸಿ) ಅಂತ ಒಂದು ಸಾಲಿದೆ. ಪ್ರತಿ ಸಂಬಳದಲ್ಲಿ ಇಷ್ಟು ಜಾಸ್ತಿ ಹಿಡಿಯಿರಿ ಅಂತ ಅಲ್ಲಿ ಬರೆದು ಕೊಟ್ಟರೆ ಮುಗಿಯಿತು. ಎರಡು ವಾರಕ್ಕೊಮ್ಮೆ ಸಂಬಳ ಅಂದರೆ ವರ್ಷದ ಕೊನೆಗೆ ಇನ್ನೂ 15 ಸಂಬಳ ಇರಬಹುದು. ಒಂದೊಂದರಲ್ಲಿ 970 ಜಾಸ್ತಿ ಹಿಡಿಸಿದರೆ ಫೆಡರಲ್ ಬಾಕಿ ಹೆಚ್ಚುಕಮ್ಮಿ ಪೂರ್ತಿ ತೀರುತ್ತದೆ. ರಾಜ್ಯಕ್ಕೂ ಎನ್‌ಸಿ-4ರಲ್ಲಿ ಹಾಗೇ ಬರೆದುಕೊಡಬಹುದು.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಸಂಬಳದಲ್ಲಿ ಹಿಡಿದ ಟ್ಯಾಕ್ಸನ್ನು ವರ್ಷ ಪೂರ್ತಿ ಸಮನಾಗಿ ಕಟ್ಟಿದ ಹಾಗೆ ಐಆರ್‌ಎಸ್ ಲೆಕ್ಕ ಹಾಕುತ್ತದೆ. ನವೆಂಬರ್‌ನಲ್ಲಿ ಹಿಡಿಸಿದರೂ ಏಪ್ರಿಲ್ ಕಂತು ತಪ್ಪಿತು ಅನ್ನುವ ಮಾತೇ ಬರುವುದಿಲ್ಲ. ನೀವೇ ಕಂತು ಕಟ್ಟಿದರೆ ಕಟ್ಟಿದ ದಿನದಿಂದ ಮಾತ್ರ ಲೆಕ್ಕ.

ಖಾತೆ_ಕಿರ್ದಿ · ಮೇ 25, 2025

ನೇರಮಾತು ಅವರ ದಾರಿ ಸರಿಯಾದದ್ದೇ. ನನ್ನ ಹತ್ತಿರ ಬರುವ ಎಷ್ಟೋ ಜೋಡಿಗಳಿಗೆ ನಾನೇ ಹೇಳಿದ್ದೇನೆ. ಆದರೆ ಎರಡು ವಿಷಯ ಯೋಚಿಸಿ. ಆ ನೌಕರಿಗೆ ಏನಾದರೂ ಆದರೆ ಹಿಡಿಸುವ ದಾರಿಯೂ ಅವತ್ತೇ ನಿಲ್ಲುತ್ತದೆ. ಈಗಿನ ಲೇಆಫ್ ಕಾಲದಲ್ಲಿ ಅದನ್ನು ಸುಮ್ನೆ ಬದಿಗೆ ತಳ್ಳಲು ಆಗುವುದಿಲ್ಲ. ಎರಡನೆಯದು, ಗುಬ್ಬಚ್ಚಿ ಅವರು ಎಂಟು ವರ್ಷದ ಮೇಲೆ ದುಡಿಯುತ್ತಿದ್ದಾರೆ. ತನ್ನ ದುಡಿಮೆಯ ಲೆಕ್ಕ ತನ್ನ ಕಣ್ಣೆದುರಿಗೇ ಇರಬೇಕು. ಗಂಡನ ಸ್ಟಬ್‌ನಲ್ಲಿ ಎಲ್ಲ ಕಳೆದುಹೋದರೆ ಅವರ 5,000 ಪೂರ್ತಿ ಅವರದ್ದೇ ಅಂತ ಮತ್ತೆ ಅನಿಸಲು ಶುರುವಾಗುತ್ತದೆ. ಈ ಎರಡನೆಯದು ನನ್ನ ಅಭಿಪ್ರಾಯ, ನಿಯಮ ಅಲ್ಲ.

ಗುಬ್ಬಚ್ಚಿ ಅವರೇ, ಕಳೆದ ವರ್ಷದ ರಿಟರ್ನ್, ಅಂದರೆ ಫಾರಂ 1040 ತೆಗೆದು 24ನೇ ಸಾಲಿನಲ್ಲಿ (ವರ್ಷದ ಒಟ್ಟು ಟ್ಯಾಕ್ಸ್) ಎಷ್ಟಿದೆ ಹೇಳಿ. ಯಜಮಾನರ ಸಂಬಳದಲ್ಲಿ ಈ ವರ್ಷ ಒಟ್ಟು ಎಷ್ಟು ಫೆಡರಲ್ ಟ್ಯಾಕ್ಸ್ ಕಟ್ ಆಗಬಹುದು, ಅದನ್ನೂ ಹೇಳಿ.

ಗುಬ್ಬಚ್ಚಿ_ಎನ್‌ಸಿ · ಮೇ 25, 2025

24ನೇ ಸಾಲಿನಲ್ಲಿ 13,400 ಚಿಲ್ಲರೆ ಇದೆ. ಅವರ ಒಟ್ಟು ಆದಾಯ 1,35,000. ಈ ವರ್ಷ ಅವರದರಲ್ಲಿ 13,800ರಷ್ಟು ಕಟ್ ಆಗಬಹುದು.

ಖಾತೆ_ಕಿರ್ದಿ · ಮೇ 25, 2025

ಹಾಗಾದರೆ ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡಿ.

ಕಂತು ಕಮ್ಮಿ ಬಿದ್ದರೆ ದಂಡ ಇದೆ ನಿಜ. ಈಗ ವರ್ಷಕ್ಕೆ 7 ಪರ್ಸೆಂಟ್ ಬಡ್ಡಿಯ ಲೆಕ್ಕದಲ್ಲಿ ಹಾಕುತ್ತಾರೆ. ಆದರೆ ಮೂರು ಕಡೆ ಬಚಾವಾಗಬಹುದು. ಕೊನೆಗೆ ಬಾಕಿ 1,000 ಡಾಲರ್‌ಗಿಂತ ಕಮ್ಮಿ ಇದ್ದರೆ ದಂಡ ಇಲ್ಲ. ಈ ವರ್ಷದ ಟ್ಯಾಕ್ಸಿನ 90 ಪರ್ಸೆಂಟ್ ಹೊತ್ತುಹೊತ್ತಿಗೆ ಕಟ್ಟಿದ್ದರೆ ಇಲ್ಲ. ಕಳೆದ ವರ್ಷದ ಒಟ್ಟು ಟ್ಯಾಕ್ಸಿನಷ್ಟು ಕಟ್ಟಿದ್ದರೂ ಇಲ್ಲ. ನಿಮ್ಮ ಮನೆಯಲ್ಲಿ ಕಳೆದ ವರ್ಷ 13,400, ಈ ವರ್ಷ ಯಜಮಾನರ ಸಂಬಳದಲ್ಲೇ 13,800 ಹೋಗುತ್ತದೆ. ಅಂದರೆ ಏಪ್ರಿಲ್ ಕಂತು ತಪ್ಪಿದ್ದಕ್ಕೆ ನಿಮಗೆ ಫೆಡರಲ್ ದಂಡ ಬೀಳುವುದಿಲ್ಲ. ರಾಜ್ಯದ ಲೆಕ್ಕ ಬೇರೆಯೇ ಮಾಡಬೇಕು.

ಆದರೆ ಇದು ಈ ಒಂದು ವರ್ಷದ ಮಾತು. ಈ ವರ್ಷ ಇಬ್ಬರ ಆದಾಯ ಸೇರಿ 1,50,000 ದಾಟುತ್ತದೆ. ದಾಟಿದವರು ಮುಂದಿನ ವರ್ಷ ಈ ಮೂರನೇ ದಾರಿಯಲ್ಲಿ ಬಚಾವಾಗಲು ಹಿಂದಿನ ವರ್ಷದ ಟ್ಯಾಕ್ಸಿನ 110 ಪರ್ಸೆಂಟ್ ಕಟ್ಟಬೇಕು. ಇನ್ನೊಂದು, ದಂಡ ಇಲ್ಲ ಅಂದರೆ ಟ್ಯಾಕ್ಸ್ ಇಲ್ಲ ಅಂತಲ್ಲ. 2026ರ ಏಪ್ರಿಲ್ 15ಕ್ಕೆ 14,600 ಒಟ್ಟಿಗೆ ಎಣಿಸಿ ಕೊಡಬೇಕು.

ನೇರಮಾತು · ಮೇ 25, 2025

ಹಾಗಿದ್ದರೆ ಕಂತು ಯಾಕೆ ಕಟ್ಟಬೇಕು ಅಕ್ಕ? ಆ ದುಡ್ಡನ್ನು ಒಳ್ಳೆಯ ಬಡ್ಡಿ ಕೊಡುವ ಸೇವಿಂಗ್ಸ್ ಖಾತೆಯಲ್ಲಿಟ್ಟು ಏಪ್ರಿಲ್‌ನಲ್ಲಿ ಒಂದೇ ಸಲ ಕೊಟ್ಟರಾಯಿತು.

ಖಾತೆ_ಕಿರ್ದಿ · ಮೇ 26, 2025

ಲೆಕ್ಕದ ಪ್ರಕಾರ ನಿಮ್ಮ ಮಾತು ಸರಿ. ನನ್ನ ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಬೇರೆ ಖಾತೆ ಇರಲಿಲ್ಲ, ಎಲ್ಲ ಒಂದರಲ್ಲೇ ಇತ್ತು. ಅಕ್ಟೋಬರ್‌ನಲ್ಲಿ ಫರ್ನೇಸ್ ಕೆಟ್ಟಿತು. ಚಳಿಗಾಲ, ಮನೆಯಲ್ಲಿ ಚಿಕ್ಕ ಮಗು. ಇದ್ದ ದುಡ್ಡಿನಲ್ಲೇ ಹೊಸದು ಹಾಕಿಸಿದೆವು. ಆಮೇಲೆ ಅಮ್ಮನಿಗೆ ಹುಷಾರಿಲ್ಲ ಅಂತ ಇದ್ದಕ್ಕಿದ್ದಂತೆ ಟಿಕೆಟ್ ತೆಗೆಯಬೇಕಾಯಿತು. ಎರಡೂ ಬೇಡದ ಖರ್ಚಲ್ಲ. ಮಾರ್ಚ್‌ನಲ್ಲಿ ಲೆಕ್ಕ ಹಾಕಿದರೆ 6,000 ಡಾಲರ್ ಕಮ್ಮಿ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ದೀಪ ಹಾಕಿಕೊಂಡು ಅದೇ ಅಂಕಿಗಳನ್ನು ನಾಲ್ಕು ಸಲ ಕೂಡಿದ್ದು ಈಗಲೂ ನೆನಪಿದೆ. ಎಷ್ಟು ಸಲ ಕೂಡಿದರೂ ಅಷ್ಟೇ ಬಂತು.

ಅದಕ್ಕೇ ಹೇಳುವುದು, ಕಂತು ಕಟ್ಟಿ ಅಥವಾ ಬೇರೆ ಖಾತೆಯಲ್ಲಿಡಿ, ಅದು ನಿಮ್ಮಿಷ್ಟ. ಆದರೆ ದುಡ್ಡು ಬಂದ ದಿನವೇ ಬೇರೆ ಮಾಡಿ.

ಹೊಂಗೆ_ನೆರಳು · ಮೇ 26, 2025

ಅಕ್ಕನ ಮಾತು ಓದಿ ಬರೆಯಬೇಕು ಅನಿಸಿತು. ನನ್ನ ಕಥೆ ಯಾರಿಗೂ ಬೇಡ.

2022ರಲ್ಲಿ ಡಿಸೈನ್ ಕೆಲಸ, ಪೂರ್ತಿ 1099. ಏಪ್ರಿಲ್ ಹೊತ್ತಿಗೆ 11,000 ಬಾಕಿ, ಕೈಯಲ್ಲಿ 2,000. ಟ್ಯಾಕ್ಸ್ ಮಾಡಿಕೊಡುವ ಪರಿಚಯದವರೊಬ್ಬರು "ದುಡ್ಡು ಹೊಂದಿಸಿಕೊಂಡ ಮೇಲೆ ಫೈಲ್ ಮಾಡಿದರಾಯಿತು" ಅಂದರು. ನಂಬಿದೆ. ಲಕೋಟೆಗಳು ಬರತೊಡಗಿದವು, ಒಡೆಯಲು ಧೈರ್ಯ ಬರಲಿಲ್ಲ. ಡ್ರಾಯರ್‌ನಲ್ಲಿ ಇಡುತ್ತಾ ಹೋದೆ.

ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಫೈಲ್ ಮಾಡದೇ ಇರುವುದಕ್ಕೆ ತಿಂಗಳಿಗೆ 5 ಪರ್ಸೆಂಟ್ ದಂಡ, 25 ಪರ್ಸೆಂಟ್‌ವರೆಗೆ ಏರುತ್ತದೆ. ಫೈಲ್ ಮಾಡಿ ದುಡ್ಡು ಮಾತ್ರ ಬಾಕಿ ಇಟ್ಟರೆ ತಿಂಗಳಿಗೆ ಬರೀ ಅರ್ಧ ಪರ್ಸೆಂಟ್. 11,000ಕ್ಕೆ ಒಂದು ತಿಂಗಳಿಗೆ 550 ಎಲ್ಲಿ, 55 ಎಲ್ಲಿ? ಬಡ್ಡಿ ಇದರ ಮೇಲೆ. ದುಡ್ಡು ಇಲ್ಲದಿದ್ದರೂ ಹೇಳಿದ ದಿನಕ್ಕೆ ಫೈಲ್ ಮಾಡಿಬಿಡಬೇಕಿತ್ತು. 50,000ದೊಳಗಿನ ಬಾಕಿಗೆ ಐಆರ್‌ಎಸ್ ವೆಬ್‌ಸೈಟ್‌ನಲ್ಲೇ ತಿಂಗಳ ಕಂತಿಗೆ ಅರ್ಜಿ ಹಾಕಬಹುದು.

ಕೊನೆಗೆ ಎಲ್ಲ ಲಕೋಟೆ ಹಿಡಿದುಕೊಂಡು ಒಬ್ಬ ಸಿಪಿಎ (ಲೆಕ್ಕಪರಿಶೋಧಕರು) ಹತ್ತಿರ ಹೋದೆ. ಅವರು ಒಂದೊಂದಾಗಿ ಒಡೆದು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದರು. ಹಿಂದಿನ ಮೂರು ವರ್ಷ ಯಾವ ತಕರಾರೂ ಇಲ್ಲದವರಿಗೆ ಮೊದಲ ಸಲದ ದಂಡ ಮನ್ನಾ ಮಾಡುವ ಕ್ರಮ ಇದೆಯಂತೆ. ಫೋನಿನಲ್ಲೇ ಕೇಳಿದರು, ಆ ದಂಡ ಹೋಯಿತು. ಕಂತು ತಪ್ಪಿದ ದಂಡಕ್ಕೆ ಈ ಮನ್ನಾ ಸಿಗುವುದಿಲ್ಲ, ಅದನ್ನು ಕಟ್ಟಿದೆ. ಅಸಲು ಈಗಲೂ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಲಕೋಟೆ ಬಂದರೆ ಅವತ್ತೇ ಒಡೆಯಿರಿ.

ಗುಬ್ಬಚ್ಚಿ_ಎನ್‌ಸಿ · ಮೇ 26, 2025

ನೆರಳು ಅವರೇ, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇವತ್ತೇ ಹೊಸ ಖಾತೆ ತೆರೆದೆ. ಮೂರು ತಿಂಗಳ ಲೆಕ್ಕಕ್ಕೆ 5,100 ಹಾಕಬೇಕಿತ್ತು, 3,800 ಇತ್ತು, ಹಾಕಿದ್ದೇನೆ. ಉಳಿದದ್ದನ್ನು ಮುಂದಿನ ಎರಡು ತಿಂಗಳಲ್ಲಿ ತುಂಬುತ್ತೇನೆ.

ಸ್ಯಾನ್‌ಹೋಸೆ_ಸುಬ್ಬಣ್ಣ · ಮೇ 27, 2025

ಒಂದು ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ನೀವು ನಿಜವಾಗಿ ಕಾಂಟ್ರಾಕ್ಟರ್ ಹೌದಾ? ಲ್ಯಾಪ್‌ಟಾಪ್ ಅವರೇ ಕೊಟ್ಟು, ಒಂಬತ್ತರಿಂದ ಐದು ಲಾಗಿನ್ ಇರಬೇಕು ಅಂತ ಹೇಳಿ, ಹೇಗೆ ಕೆಲಸ ಮಾಡಬೇಕು ಅಂತಲೂ ಅವರೇ ನಿಂತು ಮಾಡಿಸುತ್ತಿದ್ದರೆ ನೀವು ನೌಕರರು. ಡಬ್ಲ್ಯು-9ಗೆ ಸಹಿ ಹಾಕಿಸಿಕೊಂಡರೆ ಅದು ಬದಲಾಗುವುದಿಲ್ಲ. ತಮ್ಮ ಪಾಲಿನ 7.65 ಉಳಿಸಲು ಹೀಗೆ ಮಾಡುವವರು ಇದ್ದಾರೆ. ನೌಕರರಾ ಅಲ್ಲವಾ ಅಂತ ತೀರ್ಮಾನ ಮಾಡಿ ಅಂತ ಐಆರ್‌ಎಸ್‌ಗೆ ಎಸ್‌ಎಸ್-8 ಫಾರಂ ಕಳಿಸಬಹುದು. 8919 ಅನ್ನುವ ಇನ್ನೊಂದು ಫಾರಂನಲ್ಲಿ ನೌಕರರ ಪಾಲನ್ನು ಮಾತ್ರ ಕಟ್ಟಲು ದಾರಿ ಇದೆ.

ಗುಬ್ಬಚ್ಚಿ_ಎನ್‌ಸಿ · ಮೇ 27, 2025

ಇಲ್ಲ ಸುಬ್ಬಣ್ಣ, ಲ್ಯಾಪ್‌ಟಾಪ್ ನನ್ನದು. ಮಗ ಸ್ಕೂಲಿಗೆ ಹೋದ ಮೇಲೆ ಒಂದಿಷ್ಟು, ರಾತ್ರಿ ಒಂದಿಷ್ಟು, ನನ್ನ ಹೊತ್ತಿಗೆ ಮಾಡುತ್ತೇನೆ. ಬೇರೆ ಕಡೆಯ ಕೆಲಸವನ್ನೂ ತೆಗೆದುಕೊಳ್ಳಬಹುದು ಅಂತ ಒಪ್ಪಂದದಲ್ಲೇ ಇದೆ.

ಸ್ಯಾನ್‌ಹೋಸೆ_ಸುಬ್ಬಣ್ಣ · ಮೇ 27, 2025

ಸರಿ ಹಾಗಾದರೆ, ಕಾಂಟ್ರಾಕ್ಟೇ. ಮನೆಯಲ್ಲಿ ಕೆಲಸಕ್ಕೇ ಅಂತ ಜಾಗ ಇದ್ದರೆ ಚದರಡಿಗೆ 5 ಡಾಲರ್, 300 ಚದರಡಿವರೆಗೆ ಖರ್ಚು ತೋರಿಸಬಹುದು. ಆ ಜಾಗ ಕೆಲಸಕ್ಕೆ ಮಾತ್ರ ಇರಬೇಕು, ಊಟದ ಮೇಜು ಲೆಕ್ಕಕ್ಕಿಲ್ಲ.

ಹೈವೇ_ಅಣ್ಣ · ಮೇ 28, 2025

ಟೆಕ್ಸಾಸ್‌ನಲ್ಲಿ ಡೆಲಿವರಿ ಓಡಿಸುತ್ತೇನೆ. ನಮ್ಮಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆದರೆ 15.3 ನಮಗೂ ತಪ್ಪಿದ್ದಲ್ಲ. ಗಾಡಿ ಓಡಿಸುವ ಎಲ್ಲರಿಗೂ ನನ್ನದು ಒಂದೇ ಮಾತು, ಮೈಲಿ ಬರೆದಿಡಿ. 2025ಕ್ಕೆ ಮೈಲಿಗೆ 70 ಸೆಂಟ್. ಪೆಟ್ರೋಲು, ಟೈರು, ರಿಪೇರಿ ಎಲ್ಲ ಅದರಲ್ಲೇ ಬಂತು. ಸೀಟಿನ ಪಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ಎಲ್ಲಿಂದ ಎಲ್ಲಿಗೆ, ಯಾಕೆ, ಎಷ್ಟು ಮೈಲಿ. ಇಂಜಿನ್ ಆಫ್ ಮಾಡಿ ಇಳಿಯುವ ಮೊದಲು ಬರೆಯುತ್ತೇನೆ. 10,000 ಮೈಲಿ ಓಡಿದರೆ 7,000 ಡಾಲರ್ ಆದಾಯದಿಂದ ಕಳೆಯುತ್ತದೆ. ಇಡೀ ವರ್ಷದ್ದನ್ನು ಮಾರ್ಚ್‌ನಲ್ಲಿ ನೆನಪಿನಿಂದ ಬರೆದರೆ ಯಾರೂ ಒಪ್ಪುವುದಿಲ್ಲ.

ಹೊಸಬ_2024 · ಮೇ 28, 2025

ನಾನು ಎಚ್-1ಬಿ. ಶನಿವಾರ ಭಾನುವಾರ ಹೀಗೆ 1099 ಕೆಲಸ ಮಾಡಬಹುದಾ?

ಸ್ಯಾನ್‌ಹೋಸೆ_ಸುಬ್ಬಣ್ಣ · ಮೇ 28, 2025

ಬೇಡಪ್ಪ. ಎಚ್-1ಬಿಯಲ್ಲಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ. ಟ್ಯಾಕ್ಸ್ ಕಟ್ಟಿದರೂ ವೀಸಾ ತಪ್ಪು ಸರಿಯಾಗುವುದಿಲ್ಲ. ಇಮಿಗ್ರೇಶನ್ ವಕೀಲರನ್ನು ಕೇಳದೆ ಕೈ ಹಾಕಬೇಡ.

ಗುಬ್ಬಚ್ಚಿ_ಎನ್‌ಸಿ · ಜೂನ್ 14, 2025

ಮೊದಲ ಕಂತು ಕಟ್ಟಲು ಕೂತಿದ್ದೇನೆ. ಜೂನ್ 15 ಭಾನುವಾರ, ಹಾಗಾಗಿ 16ರವರೆಗೆ ಸಮಯ ಇದೆ ಅಲ್ವಾ? ಆನ್‌ಲೈನ್‌ನಲ್ಲಿ ಕಟ್ಟುವ ಐಆರ್‌ಎಸ್ ಡೈರೆಕ್ಟ್ ಪೇ ತೆರೆದು ನನ್ನ ಸೋಶಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಹಾಕಿದರೆ ವಿವರ ಹೊಂದುತ್ತಿಲ್ಲ ಅಂತ ಬರುತ್ತಿದೆ. ಮೂರು ಸಲ ನೋಡಿದೆ.

ಖಾತೆ_ಕಿರ್ದಿ · ಜೂನ್ 14, 2025

ಹೌದು, 16ರವರೆಗೆ ಇದೆ. ಹಳೆಯ ರಿಟರ್ನ್‌ಗಳಲ್ಲಿ ನಿಮ್ಮದು ಐಟಿನ್ ನಂಬರ್ (ಎಸ್‌ಎಸ್‌ಎನ್ ಇಲ್ಲದವರಿಗೆ ಐಆರ್‌ಎಸ್ ಕೊಡುವುದು) ಇತ್ತಾ?

ಗುಬ್ಬಚ್ಚಿ_ಎನ್‌ಸಿ · ಜೂನ್ 14, 2025

ಹೌದು ಅಕ್ಕ! ಎಸ್‌ಎಸ್‌ಎನ್ ಬಂದಿದ್ದೇ ಈ ವರ್ಷ.

ಖಾತೆ_ಕಿರ್ದಿ · ಜೂನ್ 14, 2025

ಅಲ್ಲೇ ಇದೆ ಗಂಟು. ಡೈರೆಕ್ಟ್ ಪೇ ನಿಮ್ಮನ್ನು ಗುರುತಿಸುವುದು ಹಳೆಯ ರಿಟರ್ನ್ ನೋಡಿ. ಅದರಲ್ಲಿ ನಿಮ್ಮ ಹೊಸ ನಂಬರ್ ಇಲ್ಲ. ನೀವು ಜಂಟಿಯಾಗಿ ಫೈಲ್ ಮಾಡುವವರು, ಹಾಗಾಗಿ ರಿಟರ್ನ್‌ನಲ್ಲಿ ಮೊದಲ ಹೆಸರಿರುವ ಯಜಮಾನರ ಎಸ್‌ಎಸ್‌ಎನ್ ಹಾಕಿ ಕಟ್ಟಿ, ನಿಮ್ಮಿಬ್ಬರ ರಿಟರ್ನ್‌ಗೇ ಜಮಾ ಆಗುತ್ತದೆ. ಎಸ್‌ಎಸ್‌ಎನ್ ಬಂದ ಮೇಲೆ ಐಟಿನ್ ಬಳಸುವ ಹಾಗಿಲ್ಲ. ಎರಡನ್ನೂ ಸೇರಿಸಿ ಅಂತ ಐಆರ್‌ಎಸ್‌ಗೆ ಒಂದು ಪತ್ರ ಬರೆಯಿರಿ.

ಕಾರಣ ಕೇಳುವಲ್ಲಿ "ಎಸ್ಟಿಮೇಟೆಡ್ ಟ್ಯಾಕ್ಸ್", ಫಾರಂ 1040-ಇಎಸ್. ವರ್ಷ ಆರಿಸುವಾಗ ಜೋಪಾನ, 2025 ಇರಬೇಕು. ನನ್ನ ಗಿರಾಕಿಯೊಬ್ಬರು ಹಿಂದಿನ ವರ್ಷ ಆರಿಸಿಬಿಟ್ಟರು. ದುಡ್ಡು ಹೋಗಿ ಹಳೆಯ ವರ್ಷದಲ್ಲಿ ಕೂತಿತು, ಸರಿ ಮಾಡಿಸಲು ತಿಂಗಳುಗಟ್ಟಲೆ ಆಯಿತು. ಕನ್ಫರ್ಮೇಶನ್ ನಂಬರ್ ಬರೆದಿಟ್ಟುಕೊಳ್ಳಿ.

ಕಂತಿನ ತಿಂಗಳುಗಳು ಸಮ ಇಲ್ಲ, ಅದೂ ನೆನಪಿರಲಿ. ಏಪ್ರಿಲ್ 15ರದ್ದು ಮೂರು ತಿಂಗಳಿಗೆ, ಜೂನ್ 15ರದ್ದು ಏಪ್ರಿಲ್ ಮತ್ತು ಮೇ ಎರಡಕ್ಕೇ. ಸೆಪ್ಟೆಂಬರ್ 15 ಮತ್ತೆ ಮೂರಕ್ಕೆ, ಜನವರಿ 15 ಉಳಿದ ನಾಲ್ಕಕ್ಕೆ. ಜೂನ್‌ನಲ್ಲಿ ಎಲ್ಲರೂ ಎಡವುವುದು ಇದಕ್ಕೇ, ಏಪ್ರಿಲ್ ಮುಗಿಯಿತು ಅನ್ನುವಷ್ಟರಲ್ಲಿ ಬಂದುಬಿಡುತ್ತದೆ.

ಸ್ಯಾನ್‌ಹೋಸೆ_ಸುಬ್ಬಣ್ಣ · ಜೂನ್ 15, 2025

ಕ್ಯಾಲಿಫೋರ್ನಿಯಾದವರಿಗೆ ಒಂದು ಮಾತು. ನಮ್ಮ ರಾಜ್ಯದ ಕಂತು 30, 40, ಸೊನ್ನೆ, 30 ಪರ್ಸೆಂಟ್. ಜೂನ್‌ನಲ್ಲೇ ದೊಡ್ಡದು, ಸೆಪ್ಟೆಂಬರ್‌ನಲ್ಲಿ ಏನೂ ಇಲ್ಲ.

ಗುಬ್ಬಚ್ಚಿ_ಎನ್‌ಸಿ · ಸೆಪ್ಟೆಂಬರ್ 14, 2025

ಎರಡನೇ ಕಂತೂ ಕಟ್ಟಿದೆ. ರಾಜ್ಯಕ್ಕೆ ಎನ್‌ಸಿ-40ಯಲ್ಲಿ ಬೇರೆ ಕಟ್ಟಿದೆ. ಹಳೆಯ 1,300ರ ಕೊರತೆಯೂ ತುಂಬಿತು. ಆದರೂ ಅಕ್ಕ, ಆ 15.3 ಕಟ್ಟುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಮುಂದೆ ಇಲ್ಲಿರುತ್ತೇವೋ ಇಲ್ಲವೋ ಗೊತ್ತಿಲ್ಲ.

ಖಾತೆ_ಕಿರ್ದಿ · ಸೆಪ್ಟೆಂಬರ್ 14, 2025

ಕಷ್ಟವಾಗುತ್ತದೆ, ನಿಜ. ಭಾರತಕ್ಕೂ ಅಮೆರಿಕಕ್ಕೂ ಸೋಶಿಯಲ್ ಸೆಕ್ಯುರಿಟಿ ಒಪ್ಪಂದ ಇಲ್ಲ. ಇಲ್ಲಿ ದುಡಿದ ವರ್ಷಗಳನ್ನು ಅಲ್ಲಿಯದರ ಜೊತೆ ಕೂಡಿಸಲು ಆಗುವುದಿಲ್ಲ. ಆದರೆ ಅದರಲ್ಲಿ ನಿಮ್ಮದೂ ಇದೆ. ಈ ವರ್ಷ 1,810 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ ನಾಲ್ಕೇ ಸಿಗುವುದು. 7,240 ಗಳಿಸಿದರೆ ನಾಲ್ಕೂ ಬಂದವು. 40 ಆದರೆ, ಅಂದರೆ ಹತ್ತು ವರ್ಷ ದುಡಿದರೆ, ನಿಮ್ಮದೇ ಹೆಸರಿನ ಪೆನ್ಷನ್‌ಗೆ ಅರ್ಹತೆ. ಎಂಟು ವರ್ಷ ಮನೆಯಲ್ಲಿ ಮಾಡಿದ ದುಡಿಮೆಗೆ ಆ ಪಟ್ಟಿಯಲ್ಲಿ ಒಂದು ಸೊನ್ನೆಯೂ ಬರೆದಿಲ್ಲ. ಈ ವರ್ಷದಿಂದ ಬರೆಯುತ್ತಾರೆ.

ಗುಬ್ಬಚ್ಚಿ_ಎನ್‌ಸಿ · ಜನವರಿ 13, 2026

ಕೊನೆಯ ಕಂತು ಇವತ್ತು ಕಟ್ಟಿದೆ. "ನಮ್ಮದಲ್ಲ" ಖಾತೆಯಲ್ಲಿ ಇನ್ನೂ 410 ಡಾಲರ್ ಉಳಿದಿದೆ, ಏಪ್ರಿಲ್‌ವರೆಗೆ ಮುಟ್ಟುವುದಿಲ್ಲ. ಮಗ ಪಕ್ಕದಲ್ಲಿ ಕೂತು ಕನ್ಫರ್ಮೇಶನ್ ನಂಬರ್ ಓದಿ ಹೇಳಿದ, ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಖಾತೆ_ಕಿರ್ದಿ · ಜನವರಿ 13, 2026

ತುಂಬಾ ಸಂತೋಷ. ಈಗ ಕ್ಯಾಲೆಂಡರ್ 2026, ಆದರೆ ಈ ಕಂತು 2025ರದ್ದು. ವರ್ಷ ಸರಿಯಾಗಿ ಆರಿಸಿದಿರಾ?

ಗುಬ್ಬಚ್ಚಿ_ಎನ್‌ಸಿ · ಜನವರಿ 13, 2026

2025 ಅಕ್ಕ. ಎರಡು ಸಲ ನೋಡಿಯೇ ಒತ್ತಿದೆ.